ಸೋಲರಿಯದ ತಂಡದ ಜಮಾ-ಖರ್ಚು

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದ ಕಾಲದಲ್ಲಿ ನಮ್ಮ ಊರಿನಲ್ಲಿ ಪ್ರತಿವರ್ಷ ದೀಪಾವಳಿ ಕಳೆದ ಮೇಲೆ ಒಂದು ಕಾಲ್ಚೆಂಡಿನ ಪಂದ್ಯಾವಳಿ ನಡೆಯುತ್ತಿತ್ತು. ಗೆದ್ದವರಿಗೆ ಒಂದು ಶೀಲ್ಡು. ಅದರ ಆಸೆಯಿಂದ ನಾವು ಕೆಲವು ಹುಡುಗರು ಗಣೇಶ ಚೌತಿಯಿಂದಲೇ ಸಂಜೆಯ ಹೊತ್ತು ಬರಿಗಾಲಿನಲ್ಲಿ ಅಭ್ಯಾಸಕ್ಕೆ ತೊಡಗುತ್ತಿದ್ದೆವು. ಒಂದು ವರ್ಷ ಮೊದಲನೆಯ ದಿನದ ಮೊದಲನೆಯ ಆಟದಲ್ಲಿಯೇ ಒಂದು ಗೋಲಿನಿಂದ ಸೋತುಹೋದೆವು. ಎರಡು ತಿಂಗಳ ಶ್ರಮ ಒಂದು ಗಂಟೆಯಲ್ಲಿ ಮುಗಿಯಿತು. ಉಳಿದ ದಿನಗಳನ್ನೆಲ್ಲ ಮೈದಾನದ ಅಂಚಿನಲ್ಲಿ ಕುಳಿತು ಬೇರೆಯವರ ಆಟ ನೋಡಿ ಕಳೆದೆವು. "ಇನ್ನೊಮ್ಮೆ ಆಡಿಸ್ರಿ ಸರ್, ನಾವು ಗೆಲ್ತೀವಿ" ಎಂದು ಡ್ರಿಲ್ ಮಾಸ್ತರರ ಮುಂದೆ ಗೋಳಾಡಿದೆವು. ಅವರು ನಕ್ಕು, "ಇನ್ನೊಮ್ಮೆ ಅಂದ್ರ ಬರೋ ವರ್ಷ, ತಮ್ಮಾ" ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ಒಂದು ಆಟದಲ್ಲಿ ಸೋತವನು ನಿಜವಾಗಿಯೂ ಕೀಳು ಆಟಗಾರನೇ? ಒಂದು ಗಾಳಿಯ ಬೀಸು, ಒಂದು ಕೆಸರಿನ ಗುಂಡಿ, ಪಂಚನ ಒಂದು ತಪ್ಪು ತೀರ್ಪು ಆಟವನ್ನು ತಿರುಗಿಸಿಬಿಡಬಹುದು. ಹಾಗಾದರೆ ಯಾವ ತಂಡ ಮೇಲು ಎಂಬುದನ್ನು ನಿರ್ಧರಿಸುವ ಬಗೆ ಯಾವುದು? ಈ ಪ್ರಶ್ನೆಗೆ ಕಾಲ್ಚೆಂಡಿನ ಲೋಕ ಕಂಡುಕೊಂಡ ಉತ್ತರವೇ 'ಲೀಗ್' ಎಂಬ ಪದ್ಧತಿ. ಎಲ್ಲರೂ ಎಲ್ಲರೊಡನೆಯೂ ಆಡಬೇಕು, ತಮ್ಮ ಊರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ. ಸೋತರೂ ಮುಂದಿನ ಶನಿವಾರ ಮತ್ತೆ ಕಣಕ್ಕಿಳಿಯಬೇಕು. ಕೊನೆಯಲ್ಲಿ ಒಟ್ಟು ಲೆಕ್ಕ ನೋಡಬೇಕು. ಇಂದು ಲೋಕದ ಬಹುಪಾಲು ದೇಶಗಳಲ್ಲಿ ರೂಢಿಯಲ್ಲಿರುವ ಈ ಪದ್ಧತಿ ಕಾಲ್ಚೆಂಡಿನಲ್ಲಿ ಮೊಟ್ಟಮೊದಲು ಆಚರಣೆಗೆ ಬಂದುದು ಇಂಗ್ಲೆಂಡಿನಲ್ಲಿ, 1888ರ ಸೆಪ್ಟೆಂಬರಿನಿಂದ 1889ರ ವಸಂತದವರೆಗಿನ ಒಂದು ಋತುವಿನಲ್ಲಿ. ಆ ಋತುವಿನ ಕಥೆಯನ್ನೂ, ಅದರ ಹಿಂದಿನ ಲೆಕ್ಕಾಚಾರವನ್ನೂ ಈ ಹೊತ್ತು ಹೇಳಬೇಕೆಂದಿದ್ದೇನೆ. ಅದರಲ್ಲಿ ಒಂದು ತಂಡ ಒಂದೂ ಆಟವನ್ನು ಸೋಲದೆ ಗೆದ್ದಿತು. ಆ ಗೆಲುವಿಗೆ ತೆತ್ತ ಬೆಲೆ ಎಷ್ಟೆಂಬುದು ಆರು ವರ್ಷಗಳ ಮೇಲೆ ನ್ಯಾಯಾಲಯವೊಂದರಲ್ಲಿ ತಿಳಿದುಬಂತು.

ಮೊದಲು ಆ ಆಟ ಬೆಳೆದ ನೆಲವನ್ನು ಸ್ವಲ್ಪ ನೋಡೋಣ. ಇಂಗ್ಲೆಂಡಿನ ವಾಯವ್ಯಕ್ಕೆ ಲ್ಯಾಂಕಶೈರ್ ಎಂಬ ಪ್ರಾಂತ. ಪ್ರೆಸ್ಟನ್, ಬ್ಲ್ಯಾಕ್‌ಬರ್ನ್, ಬೋಲ್ಟನ್, ಬರ್ನ್‌ಲಿ ಇವೆಲ್ಲ ಅಲ್ಲಿಯ ಹತ್ತಿ ಗಿರಣಿಗಳ ಊರುಗಳು. ಹತ್ತಿ ಬೆಳೆಯದ ಆ ದೇಶ ಹೊರಗಿನಿಂದ ಹತ್ತಿ ತರಿಸಿ, ನೂತು, ನೇಯ್ದು, ಬಟ್ಟೆಯನ್ನು ಲೋಕಕ್ಕೆಲ್ಲ ಮಾರುತ್ತಿತ್ತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬರುವುದು ನಿಂತಾಗ ಈ ಊರುಗಳ ಗಿರಣಿಗಳು ಮುಚ್ಚಿದವು. ಕೂಲಿಕಾರರ ಒಲೆಗಳು ಆರಿದವು. ಆಗ ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಬಿದ್ದುದು ನಮ್ಮ ಧಾರವಾಡ ಸೀಮೆಯ ಎರೆಹೊಲಗಳ ಮೇಲೆ. ಧಾರವಾಡ-ಅಮೆರಿಕನ್ ಎಂದು ಹೆಸರಾದ ಹತ್ತಿಯ ತಳಿ ಅದಕ್ಕೂ ಮೊದಲೇ ಇಲ್ಲಿ ಬೇರೂರಿತ್ತು. ಈ ಹತ್ತಿಯನ್ನು ಹಡಗಿಗೆ ಸಾಗಿಸುವ ಅನುಕೂಲವೂ ಒಂದು ಕಾರಣವಾಗಿ, 1862ರಲ್ಲಿ ಕಾರವಾರದ ಸೀಮೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಪ್ರೆಸ್ಟನ್ನಿನ ಆಟಗಾರರ ಕಥೆ ನಮಗೆ ತೀರ ಪರಕೀಯವೆಂದು ತಿಳಿಯಬೇಕಾದುದಿಲ್ಲ ಎಂಬುದಕ್ಕಾಗಿ ಇದನ್ನು ನೆನಪಿಸಿದೆ. ಅವರ ಅಪ್ಪಂದಿರು ನೂತ ನೂಲಿನಲ್ಲಿ ನಮ್ಮ ರೈತರ ಬೆವರಿನ ಎಳೆಯೂ ಒಂದಿಷ್ಟು ಸೇರಿತ್ತು.

ಈ ಗಿರಣಿಗಳ ಕೂಲಿಕಾರನಿಗೆ ಆಟಕ್ಕೆ ಬಿಡುವು ದೊರೆತುದು ಒಂದು ಕಾನೂನಿನಿಂದ. 1850ರ ಕಾರ್ಖಾನೆ ಶಾಸನದಂತೆ ಬಟ್ಟೆ ಗಿರಣಿಗಳಲ್ಲಿ ಹೆಂಗಸರನ್ನೂ ಎಳೆಯರನ್ನೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ದುಡಿಸಕೂಡದೆಂದಾಯಿತು. ಅವರು ಹೊರಟ ಮೇಲೆ ಗಂಡಸರಷ್ಟೇ ನಿಂತು ಗಿರಣಿ ನಡೆಸುವುದು ಸಾಧ್ಯವಿರಲಿಲ್ಲ. ಹೀಗೆ ಶನಿವಾರದ ಅರ್ಧ ದಿನ ಎಲ್ಲರ ಪಾಲಿಗೂ ಬಂತು. ಭಾನುವಾರ ಇಗರ್ಜಿಯ ದಿನ. ಅಂದು ಆಟ ನಿಷಿದ್ಧ. ಆದುದರಿಂದ ಶನಿವಾರ ಮಧ್ಯಾಹ್ನದ ಮೂರು ಗಂಟೆ ಕಾಲ್ಚೆಂಡಿನ ಮುಹೂರ್ತವಾಯಿತು. ಕೈಯಲ್ಲಿ ನಾಲ್ಕು ಕಾಸು, ಎದುರಿಗೆ ಅರ್ಧ ದಿನದ ಬಿಡುವು, ಪಕ್ಕದ ಊರಿಗೆ ಹೋಗಿಬರಲು ರೈಲು. ಇವು ಮೂರೂ ಕೂಡಿದ ಮೇಲೆ ಆಟ ನೋಡಲು ಸಾವಿರಾರು ಜನ ನೆರೆಯತೊಡಗಿದುದರಲ್ಲಿ ಆಶ್ಚರ್ಯವಿಲ್ಲ.

ಜನ ದುಡ್ಡು ಕೊಟ್ಟು ನೋಡುವಾಗ, ಆಡುವವನಿಗೆ ಅದರಲ್ಲಿ ಪಾಲು ಬೇಡವೇ? ಈ ಪ್ರಶ್ನೆಯ ಸುತ್ತ ದೊಡ್ಡ ವ್ಯಾಜ್ಯವೇ ನಡೆಯಿತು. ಆಟದ ನಿಯಮಗಳನ್ನು ರೂಪಿಸಿ ಅದರ ಆಡಳಿತ ನಡೆಸುತ್ತಿದ್ದವರು ದಕ್ಷಿಣ ಇಂಗ್ಲೆಂಡಿನ ಸಿರಿವಂತರು, ಹೆಸರಾಂತ ಶಾಲೆಗಳಲ್ಲಿ ಓದಿದವರು. ಆಟಕ್ಕಾಗಿ ಹಣ ತೆಗೆದುಕೊಳ್ಳುವುದು ಅವರ ದೃಷ್ಟಿಯಲ್ಲಿ ಹೀನಾಯ. ಊಟದ ಚಿಂತೆಯಿಲ್ಲದವನಿಗೆ ಈ ಧರ್ಮ ಸುಲಭ. ಆದರೆ ಆಟಕ್ಕೆಂದು ದೂರದ ಊರಿಗೆ ಹೋಗಿ ಒಂದು ದಿನದ ಕೂಲಿ ಕಳೆದುಕೊಂಡ ನೇಕಾರನ ಮನೆಯಲ್ಲಿ ಆ ವಾರ ರೊಟ್ಟಿಗೆ ಕೊರತೆ. ಉತ್ತರದ ತಂಡಗಳು ಗುಟ್ಟಾಗಿ ಹಣ ಕೊಡುತ್ತಿದ್ದವು; ಎಲ್ಲರಿಗೂ ಗೊತ್ತಿದ್ದ ಗುಟ್ಟು ಅದು. 1884ರಲ್ಲಿ ಲಂಡನ್ನಿನ ಒಂದು ತಂಡ ಪ್ರೆಸ್ಟನ್ನಿನ ಮೇಲೆ ದೂರು ಕೊಟ್ಟಿತು. ಪ್ರೆಸ್ಟನ್ ತಂಡದ ಯಜಮಾನ ಮೇಜರ್ ವಿಲಿಯಂ ಸುಡೆಲ್ ಅದನ್ನು ಅಲ್ಲಗಳೆಯಲಿಲ್ಲ. ಹೌದು, ಕೊಡುತ್ತೇವೆ, ಎಲ್ಲರೂ ಕೊಡುತ್ತಾರೆ ಎಂದು ಬಹಿರಂಗವಾಗಿ ಒಪ್ಪಿಕೊಂಡ. ಪ್ರೆಸ್ಟನ್ನನ್ನು ಆ ವರ್ಷದ ಕಪ್ಪಿನಿಂದ ಹೊರಗೆ ಹಾಕಿದರು. ಉತ್ತರದ ತಂಡಗಳೆಲ್ಲ ಒಟ್ಟುಗೂಡಿ, ಬೇರೆಯೇ ಸಂಘ ಕಟ್ಟುತ್ತೇವೆಂದು ಬೆದರಿಸಿದವು. ಕೊನೆಗೆ 1885ರ ಜುಲೈನಲ್ಲಿ ಸಂಬಳದ ಆಟಗಾರನಿಗೆ ಮಾನ್ಯತೆ ಸಿಕ್ಕಿತು.

ಮಾನ್ಯತೆಯೇನೋ ಸಿಕ್ಕಿತು, ಅದರೊಡನೆ ಹೊಸದೊಂದು ಕಷ್ಟವೂ ಬಂತು. ಸಂಬಳವನ್ನು ವಾರವಾರವೂ ಕೊಡಬೇಕು, ಆದರೆ ಆದಾಯ ವಾರವಾರವೂ ಬರುವ ಭರವಸೆಯಿಲ್ಲ. ಆಗ ಇದ್ದವು ಎರಡೇ ಬಗೆಯ ಪಂದ್ಯಗಳು. ಒಂದು, ಕಪ್ಪಿನ ಪಂದ್ಯ. ಅದರಲ್ಲಿ ಸೋತ ತಂಡ ನಮ್ಮ ಹೈಸ್ಕೂಲಿನ ತಂಡದ ಹಾಗೆ ಮೊದಲ ದಿನವೇ ಮನೆಗೆ ಹೋಗಬಹುದು. ಇನ್ನೊಂದು, ಸ್ನೇಹದ ಪಂದ್ಯ. ಎರಡು ತಂಡಗಳು ಪತ್ರ ಬರೆದು ದಿನ ಗೊತ್ತುಮಾಡಿಕೊಂಡು ಆಡುವುದು. ಅಷ್ಟರಲ್ಲಿ ಒಂದು ತಂಡಕ್ಕೆ ಇನ್ನೂ ಹೆಚ್ಚಿನ ಆದಾಯದ ಆಹ್ವಾನ ಬಂದರೆ ಈ ಸ್ನೇಹ ಅಲ್ಲಿಗೆ ಮುಗಿಯಿತು. ಮೈದಾನದ ಬಾಗಿಲಿನಲ್ಲಿ ಜನ ಕಾಯುತ್ತಿರುವರು, ಎದುರು ತಂಡ ಬಂದೇ ಇಲ್ಲ. ಬಂದರೂ ಹನ್ನೊಂದರಲ್ಲಿ ನಾಲ್ವರು ಹೊಸಬರು. ಮದುವೆಗೆ ಓಲಗದವರು ಕೈಕೊಟ್ಟಂಥ ಸ್ಥಿತಿ. ಹಣ ಕೊಟ್ಟು ಬಂದ ಜನ ಎಷ್ಟು ಸಲ ಇದನ್ನು ಸಹಿಸಿಯಾರು?

ಈ ಸಂಕಟಕ್ಕೆ ಪರಿಹಾರ ಹುಡುಕಿದವನು ಆಟಗಾರನಲ್ಲ, ಒಬ್ಬ ಬಟ್ಟೆ ಅಂಗಡಿಯವನು. ಹೆಸರು ವಿಲಿಯಂ ಮೆಕ್‌ಗ್ರೆಗರ್. ಸ್ಕಾಟ್ಲೆಂಡಿನ ಒಂದು ಸಣ್ಣ ಊರಿನಲ್ಲಿ 1846ರಲ್ಲಿ ಹುಟ್ಟಿ, ಬರ್ಮಿಂಗ್‌ಹ್ಯಾಮಿಗೆ ಬಂದು ಅಂಗಡಿ ಇಟ್ಟುಕೊಂಡಿದ್ದ. ಅಲ್ಲಿಯ ಆಸ್ಟನ್ ವಿಲ್ಲಾ ತಂಡದ ಆಡಳಿತದಲ್ಲಿದ್ದ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಕಲಿತ ವಿವೇಕ ಅವನದು. ಗಿರಾಕಿ ಬಂದಾಗ ಬಾಗಿಲು ಮುಚ್ಚಿರಕೂಡದು ಎಂಬುದು ಅವನಿಗೆ ಗೊತ್ತಿತ್ತು. 1888ರ ಮಾರ್ಚ್ 2ರಂದು ಅವನು ಕೆಲವು ತಂಡಗಳಿಗೆ ಒಂದು ಪತ್ರ ಬರೆದ. ಹತ್ತು ಹನ್ನೆರಡು ಪ್ರಮುಖ ತಂಡಗಳು ಕೂಡಿ, ಪ್ರತಿ ಋತುವಿನಲ್ಲಿಯೂ ತಮ್ಮತಮ್ಮೊಳಗೆ ಮನೆಯಲ್ಲೊಮ್ಮೆ ಹೊರಗೊಮ್ಮೆ ಆಡುವ ಕಟ್ಟುಪಾಡು ಮಾಡಿಕೊಳ್ಳಬೇಕೆಂಬುದು ಅದರ ಸಾರಾಂಶ. ಅದೇ ತಿಂಗಳ 23ರಂದು ಲಂಡನ್ನಿನ ಒಂದು ಹೋಟೆಲಿನಲ್ಲಿ ಮೊದಲ ಸಭೆ ಸೇರಿತು. ಏಪ್ರಿಲ್ 17ರಂದು ಮ್ಯಾಂಚೆಸ್ಟರಿನ ರಾಯಲ್ ಹೋಟೆಲಿನಲ್ಲಿ ಸಂಘ ವಿಧಿವತ್ತಾಗಿ ಹುಟ್ಟಿತು. 'ಲೀಗ್' ಎಂಬ ಹೆಸರು ಮೆಕ್‌ಗ್ರೆಗರನಿಗೆ ರುಚಿಸಲಿಲ್ಲ. ಆ ಕಾಲದಲ್ಲಿ ಐರ್ಲೆಂಡಿನ ಗೇಣಿದಾರರು ಜಮೀನುದಾರರ ವಿರುದ್ಧ ಹೋರಾಡಲು ಕಟ್ಟಿದ್ದ ಲ್ಯಾಂಡ್ ಲೀಗಿನ ವಾಸನೆ ಅದಕ್ಕೆ ಅಂಟಿಕೊಂಡಿತ್ತು. ಆದರೂ ಆ ಹೆಸರೇ ನಿಂತಿತು.

ಸೇರಿದ ತಂಡಗಳು ಹನ್ನೆರಡು. ಲ್ಯಾಂಕಶೈರಿನಿಂದ ಆರು: ಪ್ರೆಸ್ಟನ್ ನಾರ್ತ್ ಎಂಡ್, ಬ್ಲ್ಯಾಕ್‌ಬರ್ನ್ ರೋವರ್ಸ್, ಬೋಲ್ಟನ್ ವಾಂಡರರ್ಸ್, ಬರ್ನ್‌ಲಿ, ಅಕ್ರಿಂಗ್‌ಟನ್, ಎವರ್ಟನ್. ಮಧ್ಯ ಇಂಗ್ಲೆಂಡಿನಿಂದ ಆರು: ಆಸ್ಟನ್ ವಿಲ್ಲಾ, ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್, ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್, ಡರ್ಬಿ ಕೌಂಟಿ, ನಾಟ್ಸ್ ಕೌಂಟಿ, ಸ್ಟೋಕ್. ಲಂಡನ್ನಿನಿಂದ ಒಂದೂ ಇಲ್ಲ. ಆಟದ ಧರ್ಮಶಾಸ್ತ್ರ ಬರೆದವರು ದಕ್ಷಿಣದವರು; ಆಟವನ್ನು ಬದುಕಿನ ಭಾಗವಾಗಿ ಮಾಡಿಕೊಂಡವರು ಉತ್ತರದವರು ಎಂಬುದು ಈ ಪಟ್ಟಿಯಿಂದ ಕಾಣುತ್ತದೆ.

ಹನ್ನೆರಡೇ ಏಕೆ? ಇದಕ್ಕೆ ಕಾರಣ ಬರಿಯ ಗಣಿತ. ಪ್ರತಿಯೊಂದು ತಂಡವೂ ಉಳಿದ ಹನ್ನೊಂದು ತಂಡಗಳೊಡನೆ ಎರಡೆರಡು ಸಲ ಆಡಿದರೆ ಒಂದು ತಂಡಕ್ಕೆ 22 ಆಟಗಳು. ಕಪ್ಪಿನ ಪಂದ್ಯಗಳಿಗೂ ಇತರ ಪಂದ್ಯಗಳಿಗೂ ಬಿಟ್ಟು ಉಳಿದ ದಿನಗಳಲ್ಲಿ ಲೀಗಿಗೆ ಒದಗಿದವು ಅಷ್ಟೇ. ಹದಿಮೂರನೆಯ ತಂಡವನ್ನು ಸೇರಿಸಿಕೊಂಡರೆ ಎಲ್ಲರಿಗೂ ಎರಡೆರಡು ಆಟ ಹೆಚ್ಚುತ್ತದೆ. ಮೇಲಾಗಿ ಬೆಸ ಸಂಖ್ಯೆಯಾದುದರಿಂದ ಪ್ರತಿವಾರ ಒಂದು ತಂಡ ಸುಮ್ಮನೆ ಕುಳಿತಿರಬೇಕಾಗುತ್ತದೆ. ಹನ್ನೆರಡು ತಂಡಗಳ ಒಟ್ಟು ಆಟಗಳು 132. ಅವುಗಳಲ್ಲಿ ಒಂದೊಂದು ಯಾವ ದಿನ, ಯಾವ ಊರಿನಲ್ಲಿ ಎಂಬುದು ಮೊದಲೇ ನಿಶ್ಚಿತ. ತನ್ನ ಮುಖ್ಯ ತಂಡವನ್ನೇ ಕಳುಹಿಸಬೇಕು, ತಪ್ಪದೆ ಕಳುಹಿಸಬೇಕು ಎಂಬುದು ಕರಾರು. ಈ ವೇಳಾಪಟ್ಟಿಯೇ ಲೀಗಿನ ಜೀವಾಳ. ಪಂಚಾಂಗದಲ್ಲಿ ಹಬ್ಬ ಯಾವಾಗ ಬರುತ್ತದೆಂದು ನೋಡಿಕೊಳ್ಳುವ ಹಾಗೆ ಕೂಲಿಕಾರನು ತನ್ನ ಶನಿವಾರಗಳನ್ನು ಮುಂದಾಗಿ ಅರಿತುಕೊಂಡ.

1888ರ ಸೆಪ್ಟೆಂಬರ್ 8, ಶನಿವಾರ. ಮೊದಲ ದಿನ ಐದು ಆಟಗಳು ನಡೆದವು. ಬೋಲ್ಟನ್ ತಂಡ ತನ್ನೂರಿನಲ್ಲಿ ಡರ್ಬಿಯ ವಿರುದ್ಧ ಮೊದಲ ಕೆಲವೇ ನಿಮಿಷಗಳಲ್ಲಿ ಮೂರು ಗೋಲು ಹೊಡೆದು ಕುಣಿದಾಡಿತು; ಆಟ ಮುಗಿದಾಗ ಮೂರಕ್ಕೆ ಆರರಿಂದ ಸೋತಿತ್ತು. ಪ್ರೆಸ್ಟನ್ ತನ್ನ ಡೀಪ್‌ಡೇಲ್ ಮೈದಾನದಲ್ಲಿ ಬರ್ನ್‌ಲಿಯನ್ನು ಐದು-ಎರಡರಿಂದ ಸೋಲಿಸಿತು. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಆಸ್ಟನ್ ವಿಲ್ಲಾದ ಗರ್ಷಮ್ ಕಾಕ್ಸ್ ಎಂಬಾತ ಚೆಂಡನ್ನು ತನ್ನ ಗೋಲಿಗೇ ಸೇರಿಸಿಬಿಟ್ಟ. ಲೀಗಿನ ಚರಿತ್ರೆಯ ಮೊದಲ ಗೋಲು ಇದೇ ಎಂದು ಬಹುಕಾಲ ಎಣಿಸಲಾಗಿತ್ತು. ಪಾಪ, ಆತನ ಹೆಸರು ಉಳಿದುದೇ ಆ ತಪ್ಪಿನಿಂದ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಸಂಶೋಧಕರು ಹಳೆಯ ಪತ್ರಿಕೆಗಳನ್ನು ಹುಡುಕಿ, ಆಟ ಆರಂಭವಾದ ಸಮಯಗಳನ್ನು ತಾಳೆ ನೋಡಿ, ಮೊದಲ ಗೋಲು ಬೋಲ್ಟನ್ನಿನ ಕೆನ್ನಿ ಡೇವನ್‌ಪೋರ್ಟನದೆಂದು ತೀರ್ಮಾನಿಸಿದರು. ಆ ಹೊತ್ತಿಗೆ ಇಬ್ಬರೂ ಮಣ್ಣಾಗಿ ದಶಕಗಳೇ ಸಂದಿದ್ದವು.

ಅಂದಿನ ಆಟವನ್ನು ಈಗ ನಾವು ಕಣ್ಣಾರೆ ನೋಡುವಂತಿದ್ದರೆ ಬಹಳ ವಿಚಿತ್ರವೆನಿಸುತ್ತಿತ್ತು. ಗೋಲಿನ ಕಂಬಗಳಿಗೆ ಬಲೆಯಿಲ್ಲ. ಚೆಂಡು ಒಳಗೆ ಹೋಯಿತೋ ಕಂಬದ ಹೊರಗೆ ಹಾದುಹೋಯಿತೋ ಎಂಬ ಜಗಳ ಸಾಮಾನ್ಯ. ಪೆನಾಲ್ಟಿ ಒದೆತವಿಲ್ಲ, ಅದು ಬಂದುದು 1891ರಲ್ಲಿ. ಗೋಲು ಕಾಯುವವನು ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಿಂದ ಮುಟ್ಟಬಹುದಿತ್ತು. ಮೈದಾನದೊಳಗೆ ಇಬ್ಬರು ಅಂಪೈರುಗಳು, ಒಂದೊಂದು ಪಕ್ಷಕ್ಕೆ ಒಬ್ಬೊಬ್ಬರು. ಅವರಿಬ್ಬರಿಗೂ ಒಮ್ಮತ ಬಾರದಿದ್ದಾಗ ಅಂಚಿನಲ್ಲಿ ನಿಂತ ರೆಫರಿಯ ಮೊರೆಹೋಗುವುದು. ಗಾಯಗೊಂಡವನ ಬದಲು ಇನ್ನೊಬ್ಬನನ್ನು ಇಳಿಸುವ ಪದ್ಧತಿಯಿಲ್ಲ. ಕಾಲು ಮುರಿದರೆ ಹತ್ತೇ ಜನ ಆಡಬೇಕು.

ಇನ್ನೂ ವಿಚಿತ್ರವಾದ ಸಂಗತಿಯೊಂದುಂಟು. ಋತು ಆರಂಭವಾಗಿ ಎರಡು ತಿಂಗಳು ಕಳೆದರೂ ಗೆದ್ದವರನ್ನು ಹೇಗೆ ತೀರ್ಮಾನಿಸಬೇಕೆಂಬುದೇ ತೀರ್ಮಾನವಾಗಿರಲಿಲ್ಲ. ಗೆಲುವುಗಳನ್ನಷ್ಟೇ ಎಣಿಸಬೇಕೆಂದು ಕೆಲವರ ವಾದ. ಸಮಸಮ ಆದ ಆಟಕ್ಕೂ ಬೆಲೆ ಬೇಡವೇ ಎಂದು ಇನ್ನು ಕೆಲವರ ವಾದ. ಕೊನೆಗೆ ನವೆಂಬರಿನಲ್ಲಿ ಗೆಲುವಿಗೆ ಎರಡು ಅಂಕ, ಸಮಕ್ಕೆ ಒಂದು ಅಂಕ ಎಂದು ಗೊತ್ತಾಯಿತು. ಇದು ಇಂಗ್ಲೆಂಡಿನಲ್ಲಿ 1981ರವರೆಗೂ ನಡೆದುಬಂತು. ಆಮೇಲೆ ಗೆಲುವಿಗೆ ಮೂರು ಅಂಕಗಳಾದವು. ಸಮಸಮಕ್ಕೆ ತೃಪ್ತರಾಗಿ ಕಾಲ ತಳ್ಳುವ ತಂಡಗಳಿಗೆ ಗೆಲುವಿನ ಆಸೆ ಹುಟ್ಟಿಸುವುದು ಆ ಬದಲಾವಣೆಯ ಉದ್ದೇಶವಾಗಿತ್ತು.

ಎರಡು ತಂಡಗಳ ಅಂಕ ಒಂದೇ ಆದರೆ? ಆಗ ಹೊಡೆದ ಗೋಲುಗಳನ್ನು ಹೊಡೆಸಿಕೊಂಡ ಗೋಲುಗಳಿಂದ ಭಾಗಿಸುತ್ತಿದ್ದರು. ಇದರಿಂದ ಎಂಥ ಪರಿಣಾಮವಾಗುತ್ತಿತ್ತೆಂಬುದಕ್ಕೆ ಆ ಮೊದಲ ಋತುವಿನ ಪಟ್ಟಿಯ ಕೊನೆಯಲ್ಲಿಯೇ ಒಂದು ನಿದರ್ಶನವಿದೆ. ನಾಟ್ಸ್ ಕೌಂಟಿ ಮತ್ತು ಸ್ಟೋಕ್ ಎರಡೂ 12 ಅಂಕ ಗಳಿಸಿದ್ದವು. ನಾಟ್ಸ್ ಕೌಂಟಿ 40 ಗೋಲು ಹೊಡೆದು 73 ಹೊಡೆಸಿಕೊಂಡಿತ್ತು. ಸ್ಟೋಕ್ 26 ಹೊಡೆದು 51 ಹೊಡೆಸಿಕೊಂಡಿತ್ತು. ಭಾಗಿಸಿ ನೋಡಿದರೆ ನಾಟ್ಸ್ ಕೌಂಟಿಯ ಸರಾಸರಿ ಸುಮಾರು 0.55, ಸ್ಟೋಕಿನದು 0.51. ಆದುದರಿಂದ ಸ್ಟೋಕ್ ಕಟ್ಟಕಡೆಯದಾಯಿತು. ಇಂದಿನಂತೆ ಕಳೆದು ನೋಡಿದ್ದರೆ ನಾಟ್ಸ್ ಕೌಂಟಿಗೆ 33ರ ಕೊರತೆ, ಸ್ಟೋಕಿಗೆ 25ರದು ಮಾತ್ರ. ಸ್ಟೋಕ್ ಮೇಲೆ ನಿಲ್ಲುತ್ತಿತ್ತು. ಭಾಗಾಕಾರದ ಬದಲು ವ್ಯವಕಲನ ಬಂದುದು ಇಂಗ್ಲೆಂಡಿನಲ್ಲಿ 1976ರಲ್ಲಿ. ಮೈದಾನದಲ್ಲಿ ಬೆವರು ಸುರಿಸಿದವರ ಸ್ಥಾನವನ್ನು ಕಾಗದದ ಮೇಲಿನ ಒಂದು ಗೆರೆ ನಿರ್ಧರಿಸಬಲ್ಲುದು ಎಂಬುದನ್ನು ಇದು ತೋರಿಸುತ್ತದೆ.

ಇನ್ನು ಪ್ರೆಸ್ಟನ್ನಿನ ಕಥೆಗೆ ಬರೋಣ. ಮೇಜರ್ ಸುಡೆಲ್ ಒಂದು ಹತ್ತಿ ಗಿರಣಿಯ ವ್ಯವಸ್ಥಾಪಕ. ಮೇಜರ್ ಪದವಿ ಸ್ವಯಂಸೇವಕ ಪಡೆಯಿಂದ ಬಂದುದು. ತನ್ನ ಊರಿನ ತಂಡವನ್ನು ದೇಶದಲ್ಲಿಯೇ ಮೊದಲನೆಯದಾಗಿ ಮಾಡಬೇಕೆಂಬ ಹಟ ಅವನನ್ನು ಹಿಡಿದಿತ್ತು. ಅವನು ಸ್ಕಾಟ್ಲೆಂಡಿನಿಂದ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಕರೆತಂದ. ಇಂಗ್ಲಿಷರು ಆಗ ಚೆಂಡನ್ನು ಒಬ್ಬನೇ ತಳ್ಳಿಕೊಂಡು ಓಡುವುದನ್ನೇ ಆಟವೆಂದು ತಿಳಿದಿದ್ದರು. ಸ್ಕಾಟರು ಒಬ್ಬರಿಂದ ಒಬ್ಬರಿಗೆ ಚೆಂಡು ದಾಟಿಸುತ್ತ ಎದುರಾಳಿಯ ನಡುವೆ ದಾರಿ ಮಾಡಿಕೊಳ್ಳುವುದನ್ನು ಕಲಿತಿದ್ದರು. ಅದಕ್ಕಾಗಿಯೇ ಅವರನ್ನು ಜನ ಪ್ರೊಫೆಸರುಗಳೆಂದು ಕರೆದರು. ನಿಕ್ ರಾಸ್, ಅವನ ತಮ್ಮ ಜಿಮ್ಮಿ ರಾಸ್, ಸ್ಕಾಟ್ ದಂಪತಿಗಳಿಗೆ ಲಂಡನ್ನಿನಲ್ಲಿ ಹುಟ್ಟಿ ಇಂಗ್ಲೆಂಡಿಗಾಗಿ ಆಡಿದ ಜಾನ್ ಗುಡಾಲ್ ಇವರು ಆ ತಂಡದ ಹೆಸರಾಂತವರು. 1887ರಲ್ಲಿ ಕಪ್ಪಿನ ಒಂದು ಆಟದಲ್ಲಿ ಪ್ರೆಸ್ಟನ್ ಹೈಡ್ ಎಂಬ ತಂಡದ ಮೇಲೆ 26 ಗೋಲು ಹೊಡೆಯಿತು. ಹೈಡ್ ಒಂದನ್ನೂ ಹೊಡೆಯಲಿಲ್ಲ.

ಇಂಥ ತಂಡಕ್ಕೆ ಗರ್ವ ಬಾರದಿದ್ದೀತೇ? 1888ರ ಮಾರ್ಚ್ 24ರಂದು, ಅಂದರೆ ಲೀಗಿನ ಮೊದಲ ಸಭೆಯ ಮರುದಿನ, ಕಪ್ಪಿನ ಅಂತಿಮ ಪಂದ್ಯ. ಎದುರಾಳಿ ವೆಸ್ಟ್ ಬ್ರಾಮ್‌ವಿಚ್. ಆಟಕ್ಕೆ ಮೊದಲೇ ಕಪ್ಪಿನೊಡನೆ ನಮ್ಮ ಫೋಟೋ ತೆಗೆಯಿರಿ, ಆಡಿದ ಮೇಲೆ ಬಟ್ಟೆ ಕೊಳೆಯಾಗಿರುತ್ತದೆ ಎಂದು ಪ್ರೆಸ್ಟನ್ನಿನವರು ಕೇಳಿದರಂತೆ. ಮೊದಲು ಗೆಲ್ಲಿ, ಆಮೇಲೆ ನೋಡೋಣ ಎಂದು ರೆಫರಿ ಹೇಳಿದನೆಂಬ ಕಥೆ ಪ್ರಚಾರದಲ್ಲಿದೆ. ಪ್ರೆಸ್ಟನ್ ಎರಡಕ್ಕೆ ಒಂದರಿಂದ ಸೋತಿತು. ಒಂದೇ ಆಟ ಎಲ್ಲವನ್ನೂ ನಿರ್ಣಯಿಸುವ ಪದ್ಧತಿಯ ಹೊಡೆತ ಅದು. ಅವರಿಗೂ ಒಬ್ಬ ಡ್ರಿಲ್ ಮಾಸ್ತರನಿದ್ದಿದ್ದರೆ, ಇನ್ನೊಮ್ಮೆ ಅಂದರೆ ಬರುವ ವರ್ಷ ಎಂದೇ ಹೇಳುತ್ತಿದ್ದ.

ಬರುವ ವರ್ಷವೇ ಲೀಗ್ ಬಂತು. ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ, ಮಳೆ, ಮಂಜು, ಕೆಸರುಗಳ ನಡುವೆ ಪ್ರೆಸ್ಟನ್ 22 ಆಟಗಳನ್ನು ಆಡಿತು. 18ರಲ್ಲಿ ಗೆಲುವು, 4 ಸಮಸಮ, ಸೋಲು ಇಲ್ಲವೇ ಇಲ್ಲ. ಹೊಡೆದ ಗೋಲು 74, ಹೊಡೆಸಿಕೊಂಡುದು 15. ಪಂದ್ಯಕ್ಕೆ ಸರಾಸರಿ ನಾಲ್ಕಕ್ಕೂ ಹೆಚ್ಚು ಗೋಲುಗಳು ಬೀಳುತ್ತಿದ್ದ ಆ ಕಾಲದಲ್ಲಿ ಈ 15ರ ಅಂಕಿ ಅಸಾಮಾನ್ಯವಾದುದು. ಒಟ್ಟು 40 ಅಂಕ. ಎರಡನೆಯ ಸ್ಥಾನದ ಆಸ್ಟನ್ ವಿಲ್ಲಾಕ್ಕೆ ದೊರೆತುದು 29. ಗುಡಾಲ್ ಆ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ. ಕಪ್ಪಿನಲ್ಲಿಯೂ ಪ್ರೆಸ್ಟನ್ ಒಂದೇ ಒಂದು ಗೋಲನ್ನೂ ಹೊಡೆಸಿಕೊಳ್ಳದೆ ಮುನ್ನಡೆಯಿತು. ಹಿಂದಿನ ವರ್ಷ ತನ್ನನ್ನು ಸೋಲಿಸಿದ್ದ ವೆಸ್ಟ್ ಬ್ರಾಮ್‌ವಿಚ್ಚನ್ನು ಉಪಾಂತ್ಯದಲ್ಲಿ ಒಂದು ಗೋಲಿನಿಂದ ಸೋಲಿಸಿತು. 1889ರ ಮಾರ್ಚ್ 30ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ವುಲ್ವರ್‌ಹ್ಯಾಂಪ್ಟನ್ನನ್ನು ಮೂರು ಗೋಲುಗಳಿಂದ ಸೋಲಿಸಿ ಕಪ್ಪನ್ನೂ ಊರಿಗೆ ಒಯ್ದಿತು. ಎರಡೂ ಸೇರಿ 27 ಆಟ, ಸೋಲು ಸೊನ್ನೆ. ಅಜೇಯರೆಂಬ ಬಿರುದು ಅವರಿಗೆ ಬಂತು. ಇಂಗ್ಲೆಂಡಿನ ಅಗ್ರ ಶ್ರೇಣಿಯಲ್ಲಿ ಒಂದು ಇಡೀ ಋತುವನ್ನು ಸೋಲಿಲ್ಲದೆ ಕಳೆದ ಇನ್ನೊಂದು ತಂಡ ಬರಬೇಕಾದರೆ 115 ವರ್ಷಗಳು ಬೇಕಾದವು. 2003-04ರಲ್ಲಿ ಲಂಡನ್ನಿನ ಆರ್ಸೆನಲ್ ತಂಡ 38 ಆಟಗಳಲ್ಲಿ 26 ಗೆದ್ದು 12ನ್ನು ಸಮಮಾಡಿಕೊಂಡಿತು.

ಈ ವೈಭವದಲ್ಲಿ ಪಾಲು ದೊರೆಯದೆ ಹೋದವನು ನಿಕ್ ರಾಸ್. ತಂಡದ ನಾಯಕನಾಗಿ ಅದನ್ನು ಬೆಳೆಸಿದ ಅವನು ಸರಿಯಾಗಿ ಆ ಋತುವಿಗೇ ಎವರ್ಟನ್ನಿಗೆ ಹೋಗಿದ್ದ. ಮುಂದಿನ ವರ್ಷ ಮರಳಿ ಬಂದ. ಆದರೆ ಅಜೇಯರ ಪಟ್ಟಿಯಲ್ಲಿ ತಮ್ಮನ ಹೆಸರಿದೆ, ಅಣ್ಣನದಿಲ್ಲ. 1894ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವನಿಗೆ ಮೂವತ್ತೊಂದು ವರ್ಷ.

ಸುಡೆಲ್‌ನ ಕಥೆ ಇನ್ನೂ ಕರುಣಾಜನಕವಾದುದು. 1889-90ರಲ್ಲಿಯೂ ಪ್ರೆಸ್ಟನ್ ಲೀಗನ್ನು ಗೆದ್ದಿತು. ಅನಂತರದ ಮೂರು ವರ್ಷ ಎರಡನೆಯ ಸ್ಥಾನಕ್ಕೆ ನಿಂತಿತು. ದೊಡ್ಡ ನಗರಗಳ ತಂಡಗಳಿಗೆ ಹೆಚ್ಚು ಜನ, ಹೆಚ್ಚು ಹಣ. ಸಣ್ಣ ಊರಿನ ಪ್ರೆಸ್ಟನ್ ಅವುಗಳೊಡನೆ ಸರಿಸಮನಾಗಿ ಸಂಬಳ ಕೊಡಲಾರದೆ ಹೋಯಿತು. 1895ರಲ್ಲಿ ಸುಡೆಲ್ ಬಂಧನಕ್ಕೊಳಗಾದ. ಗಿರಣಿಯ ಲೆಕ್ಕಪುಸ್ತಕಗಳನ್ನು ತಿದ್ದಿ ಐದು ಸಾವಿರ ಪೌಂಡಿಗೂ ಮಿಕ್ಕಿದ ಹಣವನ್ನು ಅಪಹರಿಸಿದ್ದನೆಂದು ಸಾಬೀತಾಯಿತು. ಆ ಹಣದಲ್ಲಿ ಬಹುಭಾಗ ತಂಡಕ್ಕೆ ಹೋಗಿತ್ತು. ಮೂರು ವರ್ಷದ ಸೆರೆವಾಸ ಅನುಭವಿಸಿ ಹೊರಬಂದ ಮೇಲೆ ಅವನು ದಕ್ಷಿಣ ಆಫ್ರಿಕಕ್ಕೆ ಹೋದ. 1911ರಲ್ಲಿ ಅಲ್ಲಿಯೇ ಸತ್ತ. ಅದೇ ವರ್ಷ ಮೆಕ್‌ಗ್ರೆಗರನೂ ಕಾಲವಾದ. ಬಟ್ಟೆ ಅಂಗಡಿಯವನ ವಿಗ್ರಹ 2009ರಿಂದ ಆಸ್ಟನ್ ವಿಲ್ಲಾ ಮೈದಾನದ ಹೊರಗೆ ನಿಂತಿದೆ.

ಸುಡೆಲ್‌ನನ್ನು ಕಳ್ಳನೆಂದು ಕರೆದು ಮುಂದೆ ಹೋಗುವುದು ಸುಲಭ. ಕಾನೂನು ಹಾಗೆಯೇ ಹೇಳಿತು, ಅದು ಸರಿಯಾಗಿಯೇ ಹೇಳಿತು. ಆದರೆ ಆ ಕಥೆಯನ್ನು ಓದಿದಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡಿದೆ. ಆ ಗಿರಣಿಯ ಹಣ ಯಾರ ದುಡಿಮೆಯಿಂದ ಬಂದುದು? ಮಗ್ಗದ ಮುಂದೆ ನಿಂತ ಹೆಂಗಸರ, ಗಂಡಸರ ದುಡಿಮೆಯಿಂದ. ಶನಿವಾರ ಬಾಗಿಲಿನಲ್ಲಿ ಕಾಸು ಕೊಟ್ಟು ಒಳಗೆ ಬಂದು ಜಯಘೋಷ ಮಾಡಿದವರೂ ಅಂಥವರೇ. ತಮ್ಮ ಊರಿನ ಗೆಲುವಿಗಾಗಿ ಅವರು ಎರಡು ಸಲ ಹಣ ತೆತ್ತಿದ್ದರು. ಒಂದು ಸಲ ಗೊತ್ತಿದ್ದು, ಇನ್ನೊಂದು ಸಲ ಗೊತ್ತಿಲ್ಲದೆ. ಲೀಗಿನ ಪಟ್ಟಿಯಲ್ಲಿ ಗೆಲುವು, ಸಮ, ಸೋಲುಗಳಿಗೆ ಕಾಲಂಗಳಿವೆ. ಈ ಖರ್ಚಿಗೆ ಕಾಲಂ ಇಲ್ಲ.

ಆಡಿದವರ ಪಾಡೂ ಮುಂದೆ ಏನು ಹಗುರವಾಗಲಿಲ್ಲ. ಸಂಬಳದ ಪೈಪೋಟಿಯನ್ನು ತಡೆಯಲು 1901ರಲ್ಲಿ ವಾರಕ್ಕೆ ನಾಲ್ಕು ಪೌಂಡಿಗಿಂತ ಹೆಚ್ಚು ಯಾವ ಆಟಗಾರನಿಗೂ ಕೊಡಕೂಡದೆಂದು ನಿಯಮವಾಯಿತು. ಮಿತಿಯ ಮೊತ್ತ ಕಾಲಕಾಲಕ್ಕೆ ಬದಲಾದರೂ ಅದು ಪೂರ್ತಿ ರದ್ದಾದುದು 1961ರಲ್ಲಿ. ತಂಡಗಳ ಸ್ಥಿತಿಗತಿಯೂ ಬದಲಾಯಿತು. ಮೊದಲ ಋತುವಿನ ಕೊನೆಯಲ್ಲಿ ಕೆಳಗಿನ ನಾಲ್ಕು ತಂಡಗಳು ಮತ್ತೆ ಸೇರಿಸಿಕೊಳ್ಳಿರೆಂದು ಅರ್ಜಿ ಹಾಕಬೇಕಾಗಿತ್ತು. ಅಂದು ನಾಲ್ಕನ್ನೂ ಉಳಿಸಿಕೊಂಡರು. ಮರುವರ್ಷ ಸ್ಟೋಕಿನ ಅರ್ಜಿಗೆ ಮನ್ನಣೆ ಸಿಗಲಿಲ್ಲ. 1892ರಲ್ಲಿ ಎರಡನೆಯ ಶ್ರೇಣಿ ಹುಟ್ಟಿತು. ಅಲ್ಲಿಂದ ಮುಂದೆ ಏರುವ, ಇಳಿಯುವ ಪದ್ಧತಿ ಬೆಳೆಯಿತು. ಸಣ್ಣ ಊರಾದ ಅಕ್ರಿಂಗ್‌ಟನ್ನಿನ ತಂಡ 1893ರಲ್ಲಿ ಲೀಗನ್ನು ಬಿಟ್ಟುಹೋಗಿ ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು. ಪ್ರೆಸ್ಟನ್ ಉಳಿದಿದೆ, ಡೀಪ್‌ಡೇಲ್ ಮೈದಾನದಲ್ಲಿ ಈಗಲೂ ಆಡುತ್ತದೆ. ಆದರೆ 1890ರ ಮೇಲೆ ಅದು ಮತ್ತೆಂದೂ ಲೀಗನ್ನು ಗೆದ್ದಿಲ್ಲ.

ಕೊನೆಯದಾಗಿ ನಮ್ಮ ದೇಶದ ಮಾತು. ಲ್ಯಾಂಕಶೈರಿನಲ್ಲಿ ಲೀಗ್ ಹುಟ್ಟಿದ 1888ರಲ್ಲಿಯೇ ಸಿಮ್ಲಾದಲ್ಲಿ ಡ್ಯುರಾಂಡ್ ಕಪ್ಪಿನ ಪಂದ್ಯಾವಳಿ ಆರಂಭವಾಯಿತು. ಆಗ ಆಡಿದವರು ಬಿಳಿಯರ ಸೈನ್ಯದ ತಂಡಗಳು. ಕಪ್ಪು, ಶೀಲ್ಡುಗಳ ಪದ್ಧತಿಯೇ ನಮ್ಮಲ್ಲಿ ಬಹುಕಾಲ ನಡೆಯಿತು. ಕಲಕತ್ತೆಯಲ್ಲಿ 1898ರಲ್ಲಿಯೇ ನಗರದ ಮಟ್ಟದ ಲೀಗ್ ಬಂತಾದರೂ, ದೇಶಕ್ಕೆಲ್ಲ ಒಂದು ಲೀಗ್ ಎಂದು ಆರಂಭವಾದುದು 1996ರಲ್ಲಿ. ಇಂಗ್ಲೆಂಡಿಗಿಂತ 108 ವರ್ಷ ತಡವಾಗಿ. 2007ರಲ್ಲಿ ಅದರ ಸ್ಥಾನದಲ್ಲಿ ಐ-ಲೀಗ್ ಬಂತು. 2013-14ರ ಋತುವಿನಲ್ಲಿ ಆಗತಾನೆ ಹುಟ್ಟಿದ್ದ ಬೆಂಗಳೂರಿನ ತಂಡ ಅದನ್ನು ಮೊದಲ ಯತ್ನದಲ್ಲಿಯೇ ಗೆದ್ದಿತು. ಕನ್ನಡ ನಾಡಿನಲ್ಲಿ ಈ ಆಟದ ಅಭಿಮಾನಿಗಳು ನೆನೆದು ಸಂತೋಷಪಡತಕ್ಕ ಸಂಗತಿ ಅದು.

ಲೀಗಿನ ಪಟ್ಟಿ ಪತ್ರಿಕೆಯಲ್ಲಿ ಕಣ್ಣಿಗೆ ಬಿದ್ದಾಗಲೆಲ್ಲ ನಾನು ಮೊದಲು ನೋಡುವುದು ಮೇಲಿನ ಹೆಸರನ್ನಲ್ಲ, ನಡುವಿನ ಹೆಸರುಗಳನ್ನು. ಗೆಲ್ಲುವ ಆಸೆ ಮುಗಿದಿದೆ, ಹೊರಬೀಳುವ ಭಯವೂ ಇಲ್ಲ. ಆದರೂ ಮುಂದಿನ ವಾರ ಅವರು ಬಂದು ಆಡಬೇಕು, ಆಡುತ್ತಾರೆ. ನೋಡಲು ಅವರ ಜನ ಬರುತ್ತಾರೆ. ಬಟ್ಟೆ ಅಂಗಡಿಯ ಮೆಕ್‌ಗ್ರೆಗರ್ ಲೋಕಕ್ಕೆ ಕೊಟ್ಟುದು ಇದನ್ನೇ ಎಂದು ನನಗೆ ತೋರುತ್ತದೆ. ಸೋತವನಿಗೂ ಒಂದು ಮುಂದಿನ ಶನಿವಾರ. ನಮ್ಮ ಹೈಸ್ಕೂಲಿನ ಹುಡುಗರಿಗೆ ಅಂದು ಬೇಕಾಗಿದ್ದುದೂ ಅಷ್ಟೇ.

(ಬಾನುಲಿ ಭಾಷಣ)